ಹಬ್ಬದ ಕಥೆಯಲ್ಲಿ ಹಾಡಿನ ಅಧಿಕಾರ



ಈ ಉಪನ್ಯಾಸದ ದತ್ತಿಯನ್ನು ಏರ್ಪಡಿಸಿದ ಮಹನೀಯರು ಸಾಹಿತ್ಯಕ್ಕೂ ಜನಜೀವನಕ್ಕೂ ಸಮಾನವಾಗಿ ಸಂಬಂಧಪಟ್ಟ ಯಾವುದಾದರೊಂದು ವಿಷಯವನ್ನು ಕುರಿತು ಗೋಗಿ ಎಂಬ ಈ ಊರಿನಲ್ಲಿಯೇ ಉಪನ್ಯಾಸ ನಡೆಯತಕ್ಕುದೆಂದು ವಿಧಿಸಿರುವುದರಿಂದ, ವಿಷಯವನ್ನು ಆರಿಸಿಕೊಳ್ಳುವಾಗ ಊರನ್ನು ಮರೆಯುವುದು ನನಗೆ ಸಾಧ್ಯವಾಗಲಿಲ್ಲ. ಹಬ್ಬವೊಂದರ ಕಥೆ ಬೀದಿಯಲ್ಲಾಗಲಿ, ರಂಗದ ಮೇಲಾಗಲಿ, ಚಲನಚಿತ್ರದ ಪರದೆಯ ಮೇಲಾಗಲಿ ಮೈದಾಳುವಾಗ, ಅದರಲ್ಲಿ ಬರುವ ಹಾಡುಗಳು ಕಥೆಯ ನಡೆಯನ್ನೂ ಕೇಳುವವರ ಚಿತ್ತವೃತ್ತಿಯನ್ನೂ ಯಾವ ರೀತಿಯಲ್ಲಿ ರೂಪಿಸುತ್ತವೆ ಎಂಬುದು ನಾನು ಇಂದು ಕೈಗೆತ್ತಿಕೊಂಡಿರುವ ಪ್ರಶ್ನೆ. ಇದಕ್ಕೆ ಎರಡು ಉದಾಹರಣೆಗಳನ್ನು ಇಟ್ಟುಕೊಂಡಿದ್ದೇನೆ. ಒಂದು, ನಿಮ್ಮ ಸೀಮೆಯಲ್ಲಿ ಮೊಹರಂ ತಿಂಗಳಲ್ಲಿ ನಡೆಯುವ ಅಲಾಯಿ ಹಬ್ಬದಲ್ಲಿ ಕರ್ಬಲೆಯ ಕಥೆಯನ್ನು ಹಾಡುವ ರಿವಾಯತ ಪದಗಳು. ಇನ್ನೊಂದು, 1993ರಲ್ಲಿ ಅಮೆರಿಕದಲ್ಲಿ ತೆರೆಕಂಡ ಒಂದು ಗೊಂಬೆಗಳ ಗೀತಚಿತ್ರ. ಇವೆರಡಕ್ಕೂ ಎಲ್ಲಿಯ ಸಂಬಂಧವೆಂದು ಸಭಿಕರಿಗೆ ತೋರಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿದರೆ ಸಂಬಂಧ ತಾನಾಗಿ ಕಾಣಿಸೀತೆಂದು ನನ್ನ ನಂಬಿಕೆ.

ಹಬ್ಬದ ಕಥೆ ಉಳಿದ ಕಥೆಗಳಂತಲ್ಲ. ಕಾದಂಬರಿಯನ್ನು ಓದುವವನನ್ನು ಮುಂದೇನಾಗುವುದೋ ಎಂಬ ಕುತೂಹಲ ಪುಟದಿಂದ ಪುಟಕ್ಕೆ ಕರೆದೊಯ್ಯುತ್ತದೆ. ಹಬ್ಬದ ಕಥೆಗೆ ಕಿವಿಗೊಟ್ಟು ಕುಳಿತವನಿಗಾದರೋ ಅದರ ಕೊನೆ ಬಾಲ್ಯದಿಂದಲೇ ಗೊತ್ತು. ಕಾಮನು ಸುಟ್ಟು ಬೂದಿಯಾಗುತ್ತಾನೆ, ಬಲಿ ಪಾತಾಳಕ್ಕಿಳಿಯುತ್ತಾನೆ, ಹುಸೇನರು ಕರ್ಬಲೆಯಲ್ಲಿ ಮಡಿಯುತ್ತಾರೆ. ಇವುಗಳಲ್ಲಿ ಯಾವುದೂ ಈ ವರ್ಷ ಬೇರೆ ತೆರನಾಗಿ ಮುಗಿಯುವ ಸಂಭವವಿಲ್ಲ. ಆದಾಗ್ಯೂ ಜನ ವರ್ಷವರ್ಷವೂ ನೆರೆಯುತ್ತಾರೆ, ನಿದ್ದೆಗೆಟ್ಟು ಕೇಳುತ್ತಾರೆ, ಗೊತ್ತಿದ್ದ ಸಾವಿಗೇ ಮತ್ತೊಮ್ಮೆ ಕಣ್ಣೀರು ಹಾಕುತ್ತಾರೆ. ಕುತೂಹಲವು ಬರಿದಾಗಿಹೋದ ಕಥೆಯಲ್ಲಿ ಈ ಶಕ್ತಿ ಎಲ್ಲಿಂದ ಬಂದಿತು? ಹಾಡಿನಿಂದ ಬಂದಿತೆಂಬುದೇ ನನ್ನ ಉತ್ತರ. ಹಬ್ಬದ ಕಥೆಯಲ್ಲಿ ಹಾಡು ಅಲಂಕಾರವಾಗಿ ಬಂದು ಕೂಡಿಕೊಂಡದ್ದಲ್ಲ. ಕಥೆಯನ್ನು ದಿನಕ್ಕೆ, ಹೊತ್ತಿಗೆ, ಊರಿಗೆ, ಹಾಡುವವನ ಕೊರಳಿಗೆ ಹಂಚಿಕೊಡುವ ಅಧಿಕಾರ ಹಾಡಿನದು.

ಈ ಮಾತನ್ನು ಆಡುವುದಕ್ಕೆ ಗೋಗಿ ತಕ್ಕ ನೆಲೆಯೇ ಸರಿ. ಇಲ್ಲಿಯ ಚಂದಾ ಹುಸೇನಿಯವರ ದರ್ಗಾದ ಸನ್ನಿಧಿಯಲ್ಲಿ ಬಿಜಾಪುರದ ಆದಿಲಶಾಹಿ ಮನೆತನದ ಮೊದಮೊದಲಿನ ಅರಸರು ಮಲಗಿದ್ದಾರೆ. 1510ರಲ್ಲಿ ತೀರಿಕೊಂಡ ಯೂಸುಫ್ ಆದಿಲ ಶಾಹ, 1534ರಲ್ಲಿ ತೀರಿಕೊಂಡ ಅವನ ಮಗ ಇಸ್ಮಾಯಿಲ, 1558ರಲ್ಲಿ ತೀರಿಕೊಂಡ ಮೊಮ್ಮಗ ಇಬ್ರಾಹಿಮ, ಇವರನ್ನು ರಾಜಧಾನಿಯಿಂದ ಇಷ್ಟು ದೂರಕ್ಕೆ ತಂದು ಸಂತನ ಬಳಿಯಲ್ಲಿ ಮಣ್ಣು ಮಾಡಿದರು. ಯೂಸುಫನು 1502ರ ಸುಮಾರಿನಲ್ಲಿ ತನ್ನ ರಾಜ್ಯದಲ್ಲಿ ಶಿಯಾ ಸಂಪ್ರದಾಯದ ಖುತ್ಬಾವನ್ನು ಓದಿಸಿದವನು. ಮೊಮ್ಮಗನು ಪಟ್ಟಕ್ಕೆ ಬಂದು ಸುನ್ನಿ ಸಂಪ್ರದಾಯಕ್ಕೆ ಮರಳಿದುದಲ್ಲದೆ ಸರಕಾರದ ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿದನು. ಮರಿಮಗನಾದ ಒಂದನೆಯ ಅಲಿಯ ಕಾಲಕ್ಕೆ ಶಿಯಾ ಸಂಪ್ರದಾಯ ಮತ್ತೆ ತಲೆಯೆತ್ತಿತು. ಹೀಗೆ ಅರಮನೆಯ ಧರ್ಮ ತಲೆಮಾರಿಗೊಮ್ಮೆ ಮಗ್ಗುಲು ಬದಲಿಸಿತು. ಆ ಮನೆತನವೇ ಅಳಿದು, ಮೊಗಲರು, ನಿಜಾಮರು, ಸುರಪುರದ ನಾಯಕರು, ಇಂಗ್ಲಿಷರು ಎಲ್ಲರೂ ಬಂದುಹೋದ ಮೇಲೆಯೂ ಶಹಾಪುರ ಸುರಪುರಗಳ ಹಳ್ಳಿಗಳಲ್ಲಿ ಕರ್ಬಲೆಯ ಕಥೆ ಉಳಿದಿದೆ. ಅದನ್ನು ಉಳಿಸಿದ್ದು ಯಾವ ಫರ್ಮಾನೂ ಅಲ್ಲ. ಬಿಜಾಪುರದ ಆಸ್ಥಾನದಲ್ಲಿ ಮಿರ್ಜಾ ಎಂಬ ಕವಿ ದಖನಿ ಭಾಷೆಯಲ್ಲಿ ಮರ್ಸಿಯಾ ಎಂಬ ಶೋಕಗೀತೆಗಳನ್ನು ರಚಿಸುವುದಕ್ಕೇ ತನ್ನ ಪ್ರತಿಭೆಯನ್ನು ಮುಡಿಪಿಟ್ಟಿದ್ದನು. ಎರಡನೆಯ ಇಬ್ರಾಹಿಮನು ಸರಸ್ವತಿಯನ್ನು ಸ್ತುತಿಸಿ ‘ಕಿತಾಬ್-ಎ-ನವರಸ್’ ಎಂಬ ಗೀತಸಂಗ್ರಹವನ್ನೇ ರಾಗಾನುಸಾರವಾಗಿ ಕಟ್ಟಿದನು. ಆಸ್ಥಾನದ ಆ ಹಾಡುಗಳು ಇಂದು ವಿದ್ವಾಂಸರ ಕೈಯಲ್ಲಿವೆ. ಹಳ್ಳಿಯಲ್ಲಿ ಕರ್ಬಲೆ ಕನ್ನಡವನ್ನಾಡಿತು, ಅದು ಜನರ ಬಾಯಲ್ಲಿ ಉಳಿಯಿತು.

ಕ್ರಿಸ್ತಶಕ 680ರಲ್ಲಿ, ಹಿಜರಿ 61ರ ಮೊಹರಂ ತಿಂಗಳ ಹತ್ತನೆಯ ದಿನ, ಪ್ರವಾದಿಯವರ ಮೊಮ್ಮಗನಾದ ಹುಸೇನರು ಯೂಫ್ರೆಟಿಸ್ ನದಿಗೆ ಸಮೀಪದ ಕರ್ಬಲೆಯ ಬಯಲಿನಲ್ಲಿ, ಬಾಯಾರಿದ ಬಳಗದೊಡನೆ, ಯಜೀದನ ಸೈನ್ಯದಿಂದ ಹತರಾದರು. ಇತಿಹಾಸದಲ್ಲಿ ಇದು ಕೆಲವೇ ದಿನಗಳ ವಿದ್ಯಮಾನ. ಈ ಸೀಮೆಯಲ್ಲಿ ಅದನ್ನು ಹಬ್ಬವು ಹೇಗೆ ಬಿಡಿಸಿ ಹರಡಿಕೊಂಡಿದೆ ನೋಡಿರಿ. ಚಂದ್ರ ಕಂಡೊಡನೆ ಗುದ್ದಲಿ ಬೀಳುತ್ತದೆ. ಆಶುರಖಾನೆಯ ಮುಂದೆ ಅಲಾಯಿ ಕುಣಿಯನ್ನು ತೋಡುತ್ತಾರೆ. ಪೆಟ್ಟಿಗೆಯಲ್ಲಿದ್ದ ಪಂಜಾಗಳು ಹೊರಕ್ಕೆ ಬಂದು, ಬೆಳಗಿಸಿಕೊಂಡು, ಬಟ್ಟೆಯುಟ್ಟು ದೇವರಾಗಿ ಕೂಡುತ್ತವೆ. ಹರಕೆ ಹೊತ್ತವರು ಲಾಡಿ ಧರಿಸಿ ಫಕೀರರಾಗುತ್ತಾರೆ. ಊದಿನ ಹೊಗೆಯ ನಡುವೆ ಸಕ್ಕರೆ ಓದಿಸುವುದಕ್ಕೆ ಎಲ್ಲ ಕೇರಿಗಳ ತಾಯಂದಿರೂ ಬರುತ್ತಾರೆ. ಮನೆಗಳಲ್ಲಿ ಚೊಂಗೆ, ಮಾಲ್ದಿ. ನೀರಿಲ್ಲದೆ ಮಡಿದವರ ನೆನಪಿಗೆ ಬೆಲ್ಲದ ಪಾನಕ. ರಾತ್ರಿಯಾಯಿತೆಂದರೆ ಕುಣಿಯ ಸುತ್ತ ಹೆಜ್ಜೆ ಮೇಳ. ಒಂಬತ್ತನೆಯ ದಿನದ ರಾತ್ರಿ ಕತ್ತಲ ರಾತ್ರಿ, ಬೆಂಕಿ, ದೇವರುಗಳ ಸವಾರಿ. ಹತ್ತನೆಯ ದಿನ ದಫನ್. ಚಾಂದ್ರಮಾನದ ವರ್ಷ ಸೌರವರ್ಷಕ್ಕಿಂತ ಹನ್ನೊಂದು ದಿನ ಚಿಕ್ಕದಾದುದರಿಂದ ಈ ಹಬ್ಬ ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಒಬ್ಬನೇ ಹಾಡುಗಾರ ತನ್ನ ಆಯುಸ್ಸಿನಲ್ಲಿ ಅದೇ ಬಾಯಾರಿಕೆಯ ಪದವನ್ನು ಕೃಷ್ಣೆ ಬತ್ತಿದ ಬೇಸಿಗೆಯಲ್ಲಿಯೂ ಹಾಡುತ್ತಾನೆ, ಮುಂಗಾರಿನ ಕೆಸರಿನಲ್ಲಿ ನಿಂತೂ ಹಾಡುತ್ತಾನೆ. ಪದ ಒಂದೇ ಆದರೂ ಎರಡು ಋತುಗಳಲ್ಲಿ ಅದು ಒಂದೇ ಬಗೆಯಾಗಿ ಕೇಳಿಸಲಾರದು.

ಈ ಹತ್ತು ದಿನಗಳಲ್ಲಿ ಇಂದು ಯಾವ ದಿನವೆಂಬುದನ್ನು, ಹೊಸಬನೊಬ್ಬನು ಕಣ್ಣುಮುಚ್ಚಿ ಕುಳಿತಿದ್ದರೂ, ಹಾಡಿನಿಂದಲೇ ಹೇಳಬಹುದು. ಮೊದಲ ರಾತ್ರಿಗಳ ಪದಗಳು ಸ್ತುತಿ, ಗುರುಸ್ಮರಣೆ, ವಿನೋದ, ಸವಾಲು; ಹೆಜ್ಜೆ ಚುರುಕು, ಹಲಗೆಯ ಪೆಟ್ಟು ದಟ್ಟ. ದಿನ ಕಳೆದಂತೆ ಕಥಾಭಾಗ ಬೆಳೆಯುತ್ತದೆ, ವಿನೋದ ಕುಗ್ಗುತ್ತದೆ. ದಖ್ಖಣದ ವಾಡಿಕೆಯಲ್ಲಿ ಏಳನೆಯ ದಿನ ಕಾಸಿಮನಿಗೆ ಸಂದದ್ದು. ಹಸನರ ಮಗನಾದ ಈ ತರುಣನಿಗೂ ಚಿಕ್ಕಪ್ಪ ಹುಸೇನರ ಮಗಳಿಗೂ ರಣರಂಗದಲ್ಲಿಯೇ ಮದುವೆಯಾಯಿತೆಂದೂ, ಅರಿಸಿನ ಆರುವ ಮುನ್ನವೇ ವರನು ಕತ್ತಿ ಹಿಡಿದು ಹೋಗಿ ಮಡಿದನೆಂದೂ ಕಥೆ. ಹಳೆಯ ಅರಬ್ಬಿ ಚರಿತ್ರಕಾರರಲ್ಲಿ ಈ ಮದುವೆ ಇಲ್ಲ. 16ನೆಯ ಶತಮಾನದ ಆರಂಭದಲ್ಲಿ ಹೆರಾತಿನ ಹುಸೇನ್ ವಾಯಿಜ್ ಕಾಶಿಫಿಯು ಪಾರಸಿಯಲ್ಲಿ ಬರೆದ ‘ರೌಜತ್-ಉಶ್-ಶುಹದಾ’ ಎಂಬ ಗ್ರಂಥದಿಂದ ಅದು ಲೋಕಪ್ರಸಿದ್ಧವಾಯಿತು. ಇತಿಹಾಸಕಾರನು ಅದನ್ನು ಒಪ್ಪಬೇಕಾಗಿಲ್ಲ. ಹಾಡುಗಾರನು ಅದನ್ನು ಬಿಡುವಂತೆಯೂ ಇಲ್ಲ, ಏಕೆಂದರೆ ಮದುವೆಯ ಹಾಡಿನ ಧಾಟಿಯನ್ನು ಮರಣದ ಕಥೆಯೊಳಕ್ಕೆ ತರುವುದಕ್ಕೆ ಇದೊಂದೇ ದ್ವಾರ.

ನಾನು ಕೇಳಿದ ಒಂದು ಕಾಸಿಮನ ರಿವಾಯತನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಹಲಗೆಯವರು ಹುಲ್ಲಿನ ಉರಿಗೆ ಚರ್ಮವನ್ನು ಹಿಡಿದು ಬಿಸಿಮಾಡಿ, ಬೆರಳಿನಿಂದ ಮಿಡಿದು ನೋಡಿ, ನಾದ ಏರಿತೆಂದು ತೃಪ್ತಿಯಾದ ಮೇಲೆ ಮುಂದಾಳು ಒಂದು ಕೈಯನ್ನು ಕಿವಿಗೆ ಕೊಟ್ಟು ಪಲ್ಲವನ್ನು ಎತ್ತಿದನು. ಪಲ್ಲದಲ್ಲಿ ಮದುವೆಯ ಹಂದರವಿತ್ತು. ಮೊದಲ ನುಡಿಗಳಲ್ಲಿ ನಮ್ಮ ಕಡೆಯ ಮದುವೆಯೇ ನಡೆಯಿತು. ಸುರಗಿ ಸುತ್ತಿದರು, ಬಾಸಿಂಗ ಕಟ್ಟಿದರು, ಮುತ್ತೈದೆಯರು ಆರತಿ ಎತ್ತಿದರು. ಸಾವಿನ ಹೆಸರನ್ನೇ ಯಾರೂ ಎತ್ತಲಿಲ್ಲ. ಆದರೆ ಪ್ರತಿಯೊಂದು ನುಡಿ ಮುಗಿದು ಹಿಮ್ಮೇಳದವರು ಪಲ್ಲಕ್ಕೆ ಮರಳಿದಾಗಲೆಲ್ಲ ಅದೇ ಹಂದರದ ಸಾಲು ಸ್ವಲ್ಪ ನಿಧಾನವಾಯಿತು. ಮಾತು ಬದಲಾಗಲಿಲ್ಲ, ನಡೆ ಮಾತ್ರ ತಗ್ಗಿತು. ಆಮೇಲೆ ಏರು ಬಂದಿತು. ಮುಂದಾಳು ಒಮ್ಮೆಗೇ ಮೇಲಿನ ಸ್ವರಕ್ಕೆ ಹತ್ತಿ ಕುದುರೆಯ ಮೇಲೆ ಕುಳಿತ ಮದುಮಗನನ್ನು ವರ್ಣಿಸಿದನು; ಮೆರವಣಿಗೆಯೋ ಯುದ್ಧಯಾತ್ರೆಯೋ ತಿಳಿಯದಂತೆ ಹಲಗೆ ಓಡಿತು. ಇಳುವಿನಲ್ಲಿ ವಾದ್ಯ ನಿಂತು ಬರಿಯ ಕೊರಳು ಉಳಿಯಿತು, ಬಳೆ ಒಡೆದ ಮಾತು ಆ ಬರಿಯ ಕೊರಳಿನಲ್ಲಿ ಬಂದಿತು. ಕೂಡುಪಲ್ಲದಲ್ಲಿ ಮತ್ತೆ ಅದೇ ಹಂದರ. ಈಗ ಅದನ್ನು ಕೇಳಿದವರಲ್ಲಿ ಹಂದರವನ್ನು ಹಂದರವೆಂದು ಕಂಡವರು ಯಾರೂ ಇರಲಿಲ್ಲ. ಕಥೆಯನ್ನು ಗದ್ಯದಲ್ಲಿ ಹೇಳಿದ್ದರೆ ಮದುವೆ ಮೊದಲು, ಮರಣ ಆಮೇಲೆ ಎಂದು ಎರಡು ಘಟನೆಗಳಾಗಿ ಬೇರ್ಪಡುತ್ತಿದ್ದವು. ಪಲ್ಲವು ಮರಮರಳಿ ಬಂದುದರಿಂದ ಎರಡೂ ಒಂದೇ ಕ್ಷಣದಲ್ಲಿ ನಿಂತವು.

ಪದದ ಕಡೆಯ ನುಡಿಯಲ್ಲಿ ಕವಿಯ ಅಂಕಿತ, ಗುರುವಿನ ಹೆಸರು, ಊರಿನ ಹೆಸರು. ಇದನ್ನು ಬರಿಯ ಸಂಪ್ರದಾಯವೆಂದು ದಾಟಿಹೋಗುವ ವಿಮರ್ಶಕರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಇರಾಕಿನ ಮರಳಿನಲ್ಲಿ ಆರಂಭವಾದ ಕಥೆ ಹಾಡು ಮುಗಿಯುವ ಹೊತ್ತಿಗೆ ಶಹಾಪುರ ಸೀಮೆಯ ಒಂದು ಹೊಲಗೇರಿಗೋ ಕುರುಬರ ಓಣಿಗೋ ಬಂದು ತಲಪಿರುತ್ತದೆ. ಹಾಡಿದವನು ತಾನು ಎಲ್ಲಿ ನಿಂತು ಅತ್ತೆನೆಂಬುದನ್ನು ಹೆಸರು ಹಿಡಿದು ಹೇಳಿರುತ್ತಾನೆ. ಶಿಶುನಾಳ ಶರೀಫರು (1819–1889) ಅಲಾಯಿಯನ್ನು ಕುರಿತು ಪದಗಳನ್ನು ಕಟ್ಟಿದಾಗಲೂ ಅಂಕಿತದ ಈ ಕ್ರಮವನ್ನು ಬಿಟ್ಟಿಲ್ಲ. ಕಡಕೋಳ ಮಡಿವಾಳಪ್ಪನವರ ಶಿಷ್ಯಪರಂಪರೆ ಬೆಳೆದ ಈ ನೆಲದಲ್ಲಿ, ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರರನ್ನು ಹಿಂದೂಗಳೂ ಮುಸಲ್ಮಾನರೂ ನೆನೆಯುವ ಈ ನೆಲದಲ್ಲಿ, ತತ್ತ್ವಪದದ ಧಾಟಿ ರಿವಾಯತಿಗೂ ರಿವಾಯತಿನ ಹೆಜ್ಜೆ ಭಜನೆಗೂ ಹರಿದುಹೋಗಿರುವುದು ಸಹಜ. ಅಭಿಮನ್ಯುವಿನ ಕಥೆಯನ್ನೂ ಅಲಾಯಿಯಲ್ಲಿ ಹಾಡುವುದುಂಟು. ಚಕ್ರವ್ಯೂಹವನ್ನು ಹೊಕ್ಕು ಹೊರಬರಲಾರದ ಆ ಬಾಲಕನೂ ಕಾಸಿಮನೂ ಒಂದೇ ಧಾಟಿಯಲ್ಲಿ ಅಣ್ಣತಮ್ಮಂದಿರಾಗುತ್ತಾರೆ.

ಇದರ ಶಾಸ್ತ್ರವನ್ನು ನಮ್ಮ ಪೂರ್ವಿಕರು ಬಹಳ ಹಿಂದೆಯೇ ಕಂಡಿದ್ದರು. ಭರತನ ನಾಟ್ಯಶಾಸ್ತ್ರದಲ್ಲಿ ನಾಟಕದ ಧ್ರುವಾಗೀತಗಳನ್ನು ಐದು ವರ್ಗ ಮಾಡಿದೆ. ಪಾತ್ರ ಪ್ರವೇಶಿಸುವಾಗ ಹಾಡತಕ್ಕದ್ದು ಪ್ರಾವೇಶಿಕೀ, ನಿರ್ಗಮಿಸುವಾಗ ನೈಷ್ಕ್ರಾಮಿಕೀ. ನಡೆಯುತ್ತಿರುವ ರಸವನ್ನು ತಟ್ಟನೆ ಕಡಿದು ಬೇರೊಂದನ್ನು ತರುವುದು ಆಕ್ಷೇಪಿಕೀ. ಕಲಕಿದ ಚಿತ್ತವನ್ನು ತಿಳಿಗೊಳಿಸುವುದು ಪ್ರಾಸಾದಿಕೀ. ಪ್ರಯೋಗದಲ್ಲಿ ತೆರಪು ಬಿದ್ದಾಗ ಅದನ್ನು ಮುಚ್ಚುವುದು ಆಂತರಾ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ವಿಭಾಗಕ್ಕೆ ರಾಗವಾಗಲಿ ಛಂದಸ್ಸಾಗಲಿ ಆಧಾರವಲ್ಲ, ಹಾಡು ನಾಟಕದಲ್ಲಿ ಮಾಡುವ ಕೆಲಸ ಆಧಾರ. ಹಾಡು ಮುಗಿದಾಗ ಕಥೆ ಹಾಡಿಗೆ ಮೊದಲಿದ್ದ ಸ್ಥಳದಲ್ಲಿಯೇ ಇದ್ದರೆ ಆ ಹಾಡು ವ್ಯರ್ಥವೆಂಬ ವಿವೇಕ ಈ ವಿಭಜನೆಯೊಳಗೆ ಅಡಗಿದೆ. ನಮ್ಮ ಈಚಿನ ಚಲನಚಿತ್ರಗಳ ಎಷ್ಟೋ ಹಾಡುಗಳನ್ನು ಈ ಒರೆಗಲ್ಲಿಗೆ ಹಚ್ಚಿದರೆ ಕಡೆಯ ವರ್ಗವೊಂದರಲ್ಲಿಯೇ ಸೇರಬೇಕಾದೀತು.

ಇನ್ನು ಗೊಂಬೆಗಳ ಚಿತ್ರದ ವಿಚಾರ. ಗೊಂಬೆಗೆ ಹಾಡು ಪ್ರಾಣವೆಂಬುದು ಕರ್ನಾಟಕದವರಿಗೆ ಹೊಸ ಮಾತಲ್ಲ. ತೊಗಲುಗೊಂಬೆಯವರ ಪರದೆಯ ಹಿಂದೆ ಸೀತೆಯ ತುಟಿ ಅಲುಗುವುದಿಲ್ಲ, ಕಣ್ಣು ತುಳುಕುವುದಿಲ್ಲ; ದೀಪದ ಮುಂದೆ ಹಿಡಿದ ಬಣ್ಣದ ಚರ್ಮ ಅಷ್ಟೆ. ಗೊಂಬೆಯಾಡಿಸುವ ಕಿಳ್ಳೇಕ್ಯಾತರ ಮನೆಯ ಹೆಣ್ಣುಮಗಳು ಕೊರಳೆತ್ತಿ ಹಾಡಿದೊಡನೆ ಆ ಚರ್ಮಕ್ಕೆ ದುಃಖ ಬರುತ್ತದೆ. ಯಂತ್ರಯುಗದ ಗೊಂಬೆಯಾಟವೂ ಇದೇ ನಿಯಮಕ್ಕೆ ಒಳಪಟ್ಟಿದೆ. ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ ಎಂಬ ಚಿತ್ರವನ್ನು ಹೆನ್ರಿ ಸೆಲಿಕ್ ನಿರ್ದೇಶಿಸಿದರು; ಮೂಲ ಕಲ್ಪನೆ ಟಿಮ್ ಬರ್ಟನ್ನರದು, ಹಾಡುಗಳು ಡ್ಯಾನಿ ಎಲ್ಫ್‌ಮನ್ನರವು. ಒಂದು ಸೆಕೆಂಡಿನ ಚಲನೆಗೆ 24 ಚಿತ್ರಗಳು ಬೇಕು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು. ಒಂದು ವಾರದ ದುಡಿಮೆಗೆ ಪರದೆಯ ಮೇಲೆ ಸುಮಾರು ಒಂದು ನಿಮಿಷ ದೊರೆಯುತ್ತಿತ್ತು. ಕಥಾನಾಯಕನಾದ ಜ್ಯಾಕ್ ಎಂಬ ಅಸ್ಥಿಪಂಜರದ ಗೊಂಬೆಗೆ ಮುಖಭಾವಕ್ಕೊಂದರಂತೆ, ಉಚ್ಚಾರದ ಬಾಯಿಗೊಂದರಂತೆ ಸುಮಾರು 400 ತಲೆಗಳನ್ನು ಮಾಡಿಟ್ಟಿದ್ದರು. ಯಾವ ಚಿತ್ರಕ್ಕೆ ಯಾವ ತಲೆ ಎಂಬುದನ್ನು ನಿರ್ಣಯಿಸಬೇಕಾದರೆ ಹಾಡಿನ ಪ್ರತಿಯೊಂದು ಅಕ್ಷರವೂ ಎಷ್ಟು ಹೊತ್ತು ನಿಲ್ಲುತ್ತದೆಂಬುದು ಮೊದಲೇ ತಿಳಿದಿರಬೇಕು. ಆದುದರಿಂದ ಹಾಡು ಧ್ವನಿಮುದ್ರಿತವಾಗಿ ಕೈಗೆ ಬಂದ ಮೇಲೆಯೇ ಗೊಂಬೆ ಬಾಯಿ ತೆರೆಯಲು ಸಾಧ್ಯ. ಅಷ್ಟೇ ಅಲ್ಲ, ಈ ಚಿತ್ರದಲ್ಲಿ ಸಂಭಾಷಣೆಯ ಪ್ರತಿ ಸಿದ್ಧವಾಗುವುದಕ್ಕೂ ಮುಂಚೆಯೇ, ಬರ್ಟನ್ನರು ಹೇಳಿದ ಕಥೆಯ ಎಳೆಯನ್ನು ಹಿಡಿದು ಎಲ್ಫ್‌ಮನ್ನರು ಹಾಡುಗಳನ್ನು ಕಟ್ಟಿದರು. ಕ್ಯಾರೊಲೈನ್ ಥಾಮ್ಸನ್ನರು ಚಿತ್ರಕಥೆಯನ್ನು ಬರೆದದ್ದು ಅನಂತರ. ಹಾಡು ಮುಂದೆ ನಡೆಯಿತು, ಕಥೆ ಅದರ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟಿತು.

ಕಥೆ ಇಷ್ಟು. ಪ್ರತಿಯೊಂದು ಹಬ್ಬಕ್ಕೂ ಒಂದೊಂದು ಊರಿದೆ. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದ ಊರಿನಲ್ಲಿ ಭೂತ, ಪಿಶಾಚಿ, ಮಾಟಗಾತಿಯರು. ಅವರೆಲ್ಲರ ನಾಯಕ ಕುಂಬಳಕಾಯಿಯ ರಾಜನೆನಿಸಿದ ಜ್ಯಾಕ್. ವರ್ಷವರ್ಷವೂ ಅದೇ ಭೀತಿಯನ್ನು ಹುಟ್ಟಿಸಿ ಬೇಸತ್ತ ಅವನು ದಾರಿತಪ್ಪಿ ಕ್ರಿಸ್‌ಮಸ್ಸಿನ ಊರಿಗೆ ಬೀಳುತ್ತಾನೆ, ಅಲ್ಲಿಯ ಬೆಳಕಿಗೆ ಮರುಳಾಗುತ್ತಾನೆ, ಈ ಬಾರಿ ಆ ಹಬ್ಬವನ್ನು ತಾನೇ ನಡೆಸುವೆನೆಂದು ಹೊರಟು ಅನರ್ಥ ಮಾಡುತ್ತಾನೆ. ಮೊದಲ ಹಾಡು ಪ್ರಾವೇಶಿಕಿಯೇ. ಪ್ರವೇಶಿಸುವುದು ಮಾತ್ರ ಒಬ್ಬ ವ್ಯಕ್ತಿಯಲ್ಲ, ಇಡೀ ಊರು. ಹಾಸಿಗೆಯ ಕೆಳಗಿನವನು, ಮೆಟ್ಟಿಲ ಕೆಳಗಿನವನು, ಒಬ್ಬೊಬ್ಬರೂ ತಮ್ಮ ಭೀಕರತೆಯನ್ನು ತಾವೇ ಉತ್ಸಾಹದಿಂದ ಹಾಡಿಕೊಳ್ಳುತ್ತಾರೆ. ನಮ್ಮ ದೊಡ್ಡಾಟದಲ್ಲಿ ಪಾತ್ರಧಾರಿ ರಂಗಕ್ಕೆ ಬಂದೊಡನೆ ತನ್ನ ಬಿರುದಾವಳಿಯನ್ನು ತಾನೇ ಹೇಳಿಕೊಳ್ಳುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಜ್ಯಾಕ್ ಹಿಮದೂರಿಗೆ ಬಿದ್ದಾಗಿನ ಹಾಡು ಶುದ್ಧ ಆಕ್ಷೇಪಿಕೀ: ಅಲ್ಲಿಯವರೆಗಿನ ಮಂದ್ರದ ವಿಷಾದವನ್ನು ಒದ್ದು ಕೆಡಹುವಂತೆ, ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದ ಪ್ರಶ್ನೆಗಳ ಸರಮಾಲೆ. ಅವನಿಗೆ ಕಂಡ ಯಾವ ವಸ್ತುವಿಗೂ ಉತ್ತರ ದೊರೆಯುವುದಿಲ್ಲ. ಪ್ರಶ್ನೆಯಿಂದ ಪ್ರಶ್ನೆಗೆ ಹಾರುವ ಲಯವೇ ಅವನ ಆನಂದ, ಅದೇ ಅವನ ಅಜ್ಞಾನ. ಮುಂದೆ ಬರುವ ಅನಾಹುತವೆಲ್ಲ ಆ ಲಯದಲ್ಲಿಯೇ ಬೀಜರೂಪವಾಗಿದೆ.

ಮಾತಾಡುವ ಜ್ಯಾಕ್ ಒಬ್ಬನ ಕೊರಳು, ಹಾಡುವ ಜ್ಯಾಕ್ ಇನ್ನೊಬ್ಬನದು. ಮಾತು ಕ್ರಿಸ್ ಸರಾಂಡನ್ನರದು, ಹಾಡು ಎಲ್ಫ್‌ಮನ್ನರದೇ. ಭಾಗವತನು ಹಾಡಿ ವೇಷಧಾರಿ ಕುಣಿಯುವ ಆಟಗಳನ್ನು ನೋಡಿ ಬೆಳೆದ ನಮಗೆ ಇದು ದೋಷವಾಗಿ ಕಾಣಿಸದು. ಸ್ಯಾಲಿ ಎಂಬ ಚಿಂದಿಗೊಂಬೆಯ ಹುಡುಗಿಗಾದರೋ ಮಾತೂ ಹಾಡೂ ಒಬ್ಬರದೇ, ಕ್ಯಾಥರಿನ್ ಒಹಾರಾ ಅವರದು. ಇದು ಅರಿತು ಮಾಡಿದುದೋ ಅಲ್ಲವೋ, ಫಲ ಮಾತ್ರ ಅರ್ಥವತ್ತಾಗಿದೆ. ಜ್ಯಾಕನ ಕೊರಳಿನಲ್ಲಿರುವ ಒಡಕು ಅವಳ ಕೊರಳಿನಲ್ಲಿಲ್ಲ, ಮುಂದಾಗುವ ಕೇಡನ್ನು ಅರಿತವಳೂ ಅವಳೊಬ್ಬಳೇ. ಅವಳ ಹಾಡು ಚಿಕ್ಕದು, ನಿಧಾನದ್ದು, ಯಾರೂ ಕೇಳದ್ದು. ಎಲ್ಲರೂ ಸಂಭ್ರಮದಲ್ಲಿರುವಾಗ ಕೊನೆಯನ್ನು ಬಲ್ಲ ಹೆಣ್ಣೊಬ್ಬಳು ಒಂಟಿಯಾಗಿ ಹಾಡುವುದನ್ನು ಕೇಳಿದಾಗ ನನಗೆ ಕಾಸಿಮನ ಮದುಮಗಳು ನೆನಪಾದಳು. ಚಿತ್ರದ ಅಂತ್ಯದಲ್ಲಿ ಜ್ಯಾಕ್ ಅವಳ ಬಳಿಗೆ ಬಂದು ಅವಳ ಆ ಹಾಡಿನ ಧಾಟಿಯನ್ನೇ ತಾನು ಹಾಡುತ್ತಾನೆ. ನಿನ್ನನ್ನು ಅರಿತೆನೆಂದು ಹೇಳುವುದಕ್ಕೆ ಅವನಿಗೆ ಬೇರೆ ಮಾತೇ ಬೇಕಾಗುವುದಿಲ್ಲ; ಅವಳ ಸ್ವರ ಅವನ ಕೊರಳಿಗೆ ಬಂದಿತೆಂಬುದರಲ್ಲಿಯೇ ಎಲ್ಲವೂ ಹೇಳಿಯಾಯಿತು.

ಈ ಚಿತ್ರದ ಅತ್ಯಂತ ಗಂಭೀರವಾದ ಭಾಗವೆಂದು ನಾನು ಎಣಿಸುವುದು ಊರ ಸಭೆಯ ಹಾಡನ್ನೂ ಹಬ್ಬದ ಸಿದ್ಧತೆಯ ಹಾಡನ್ನೂ. ಸಭೆಯಲ್ಲಿ ಜ್ಯಾಕ್ ಉಡುಗೊರೆಯ ಪೆಟ್ಟಿಗೆಯನ್ನು ತೋರಿಸುತ್ತಾನೆ; ಅದರೊಳಗೆ ರೋಗವಿದೆಯೇ ಎಂದು ಊರವರು ಕೇಳುತ್ತಾರೆ. ಕಾಲುಚೀಲವನ್ನು ತೋರಿಸುತ್ತಾನೆ, ಅದರಲ್ಲಿ ಕೊಳೆತ ಕಾಲಿದೆಯೇ ಎನ್ನುತ್ತಾರೆ. ಅವನ ಸಾಲು ಹಿಗ್ಗಿನಿಂದ ಏರಿದಷ್ಟೂ ಅವರ ಸಾಲು ತಮ್ಮ ಹಳೆಯ ಧಾಟಿಗೆ ಜಗ್ಗುತ್ತದೆ. ಕೊನೆಗೆ ಅವನೇ ಸೋತು, ಅವರಿಗೆ ಪ್ರಿಯವಾದ ಭೀತಿಯ ಸ್ವರದಲ್ಲಿ ಸಾಂತಾಕ್ಲಾಸನನ್ನು ರಾಕ್ಷಸನಂತೆ ವರ್ಣಿಸುತ್ತಾನೆ. ಸಿದ್ಧತೆಯ ಹಾಡಿನಲ್ಲಿ ಊರೆಲ್ಲ ಉತ್ಸಾಹದಿಂದ ಆಟಿಕೆಗಳನ್ನು ಮಾಡುತ್ತಿದೆ. ಆದರೆ ರಾಗದ ಬುಡದಲ್ಲಿರುವುದು ‘ದಿಯೆಸ್ ಇರೇ’ ಎಂಬ ಮಧ್ಯಯುಗದ ಲ್ಯಾಟಿನ್ ಮರಣಪ್ರಾರ್ಥನೆಯ ಮೊದಲ ನಾಲ್ಕು ಸ್ವರಗಳು. ಮಾತು ಕ್ರಿಸ್‌ಮಸ್ಸೆನ್ನುತ್ತದೆ, ಸ್ವರ ಮೃತ್ಯುವೆನ್ನುತ್ತದೆ. ಹಬ್ಬದ ಸಾಮಗ್ರಿಯನ್ನು ತರಬಹುದು, ವೇಷವನ್ನು ತರಬಹುದು, ಕಥೆಯನ್ನೂ ಕಲಿಯಬಹುದು. ಸ್ವರ ಮೈಗೂಡದಿದ್ದರೆ ಹಬ್ಬ ಕೈಗೆ ಬರುವುದಿಲ್ಲವೆಂಬ ತೀರ್ಪನ್ನು ಈ ಚಿತ್ರ ಯಾವ ಪಾತ್ರದ ಬಾಯಿಂದಲೂ ಹೇಳಿಸದೆ ರಾಗದಿಂದಲೇ ಹೇಳಿಸಿದೆ. ಹಾಡಿನ ಅಧಿಕಾರಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ನನಗೆ ಗೊತ್ತಿಲ್ಲ.

ಆ ತೀರ್ಪಿನಿಂದ ಚಿತ್ರವು ಎಳೆಯುವ ನಿರ್ಣಯವನ್ನು ಮಾತ್ರ ನಾನು ಒಪ್ಪಲಾರೆ. ಅವರವರ ಹಬ್ಬ ಅವರವರಿಗೆ. ಒಬ್ಬರದನ್ನು ಇನ್ನೊಬ್ಬರು ಮುಟ್ಟಿದರೆ ಕೇಡು ಎಂಬಂತೆ ಜ್ಯಾಕನು ತನ್ನ ಊರಿಗೆ ಮರಳಿ ಕುಂಬಳಕಾಯಿಯ ರಾಜನಾಗಿಯೇ ಉಳಿಯುತ್ತಾನೆ. ಕಡೆಯಲ್ಲಿ ಆ ಊರಿನ ಮೇಲೂ ಸ್ವಲ್ಪ ಹಿಮ ಬೀಳುತ್ತದೆ, ಅಷ್ಟಕ್ಕೇ ಸೌಹಾರ್ದ ಮುಗಿಯುತ್ತದೆ. ಗೋಗಿಯ ಸೀಮೆ ಇದಕ್ಕೆ ಬೇರೆ ಉತ್ತರ ಕೊಟ್ಟಿದೆ. ಅರಬ್ಬಿ ನೆಲದ ಶೋಕವೊಂದು ಪಾರಸಿಯ ಮೂಲಕ, ದಖನಿಯ ಮೂಲಕ ಇಲ್ಲಿಗೆ ಬಂದಾಗ ಇಲ್ಲಿಯವರ ಕೈಯಲ್ಲಿದ್ದುದು ಲಾವಣಿ, ಕೋಲಾಟ, ಮದುವೆಯ ಹಾಡು, ಭಜನೆ. ಶೋಕಕ್ಕೆಂದೇ ಮೀಸಲಾದ ಸಾಮಗ್ರಿ ಅಲ್ಲವೇ ಅಲ್ಲ. ಜ್ಯಾಕನಂತೆ ಇವರೂ ತಮ್ಮ ಧಾಟಿಯಲ್ಲಿ ಪರರ ಹಬ್ಬವನ್ನು ಹಾಡಿದರು. ಅದು ವಿಕಾರವಾಗಲಿಲ್ಲ. ಏಕೆ? ಜ್ಯಾಕ್ ಅವಸರದಲ್ಲಿ ಒಬ್ಬನೇ ಕಲಿತನು, ಹಬ್ಬದ ಒಡೆಯನನ್ನು ಕದ್ದು ತರಿಸಿದನು, ಅವನಿಂದ ಒಂದು ಪದವನ್ನೂ ಕೇಳಿ ಕಲಿಯಲಿಲ್ಲ. ಇಲ್ಲಿ ಕಲಿಕೆ ತಲೆಮಾರುಗಳದು, ಆಶುರಖಾನೆಯ ಮುಂದೆ ಒಟ್ಟಿಗೆ ಕುಳಿತು ಆದದ್ದು. ಮುಜಾವರನ ಮಗ ಮುಂದಾಳಾದರೆ ಕುರುಬರವನು ಹಿಮ್ಮೇಳ. ಮರುವರ್ಷ ಕುರುಬರವನು ಮುಂದಾಳು. ಹುಲಿವೇಷ, ಹೆಜ್ಜೆ ಮೇಳ, ನಗೆ, ಅಳು ಎಲ್ಲವೂ ಅಲಾಯಿಯಲ್ಲಿ ಒಟ್ಟಿಗೆ ಇರುವುದನ್ನು ಕಂಡು ಹೊರಗಿನ ಪ್ರೇಕ್ಷಕರು ಇದು ಶೋಕವೋ ಜಾತ್ರೆಯೋ ಎಂದು ಗೊಂದಲಗೊಳ್ಳುವುದುಂಟು. ಕರುಣವೊಂದೇ ರಸ, ಉಳಿದವು ಅದರ ಸುಳಿ ಅಲೆಗಳು ಎಂಬರ್ಥದಲ್ಲಿ ಭವಭೂತಿ ತನ್ನ ನಾಟಕದಲ್ಲಿ ಹೇಳಿಸಿದ್ದಾನಷ್ಟೆ. ಅದನ್ನು ಓದಿ ಒಪ್ಪುವುದು ಸುಲಭ. ಕತ್ತಲ ರಾತ್ರಿ ಹಲಗೆಯ ಸದ್ದಿನ ನಡುವೆ ನಿಂತಾಗ ಅದು ಮೈಯಲ್ಲಿ ತಿಳಿಯುತ್ತದೆ.

ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಅಲಾಯಿ ನಡೆಯುವುದು ಉತ್ತರ ಕರ್ನಾಟಕದಲ್ಲಿ ಅಪೂರ್ವವಲ್ಲ. ಅಂಥ ಊರುಗಳಲ್ಲಿ ಗ್ರಂಥವನ್ನು ಓದಬಲ್ಲವರಿಲ್ಲ, ಕಥೆಯ ಇತಿಹಾಸವನ್ನು ತಿದ್ದಬಲ್ಲವರಿಲ್ಲ. ಇರುವುದು ಹಾಡು ಮಾತ್ರ. ಇದನ್ನು ಎರಡು ಧರ್ಮಗಳ ಕಟ್ಟಾಳುಗಳೂ ಈಚೆಗೆ ಆಕ್ಷೇಪಿಸತೊಡಗಿದ್ದಾರೆ. ಅದು ನಮ್ಮ ಧರ್ಮದಲ್ಲಿಲ್ಲವೆಂದು ಒಬ್ಬರು, ಇದು ನಮ್ಮ ಧರ್ಮದ್ದಲ್ಲವೆಂದು ಇನ್ನೊಬ್ಬರು. ಈ ಬಗೆಗೆ ರಹಮತ್ ತರೀಕೆರೆಯವರು ನಾಡಿನ ಮೊಹರಮ್ಮನ್ನು ಕುರಿತು ಊರೂರು ತಿರುಗಿ ಬರೆದಿರುವುದನ್ನು ತರುಣರು ಓದಬೇಕು. ನನಗೆ ಆಕ್ಷೇಪಣೆಗಿಂತಲೂ ಹೆಚ್ಚಿನ ಕಳವಳವಿರುವುದು ಧ್ವನಿವರ್ಧಕದ ಪೆಟ್ಟಿಗೆಗಳನ್ನು ಕುರಿತು. ಆಳೆತ್ತರದ ಪೆಟ್ಟಿಗೆಗಳಿಂದ ಒಂದೇ ಏರಿನ ಸದ್ದು ರಾತ್ರಿಯೆಲ್ಲ ಹೊರಡುವಾಗ ಇಳುವಿಗೆ ಸ್ಥಳವೇ ಇರುವುದಿಲ್ಲ. ಇಳುವಿಲ್ಲದ ಕಡೆ ಬರಿಯ ಕೊರಳಿಲ್ಲ; ಬರಿಯ ಕೊರಳಿಲ್ಲದ ಕಡೆ ಕಾಸಿಮ ಸಾಯುವುದಿಲ್ಲ, ಅವನ ಹೆಸರಿನ ಸದ್ದು ಮಾತ್ರ ಕೇಳಿಸುತ್ತದೆ. ಮೊದಲ ದಿನಕ್ಕೂ ಹತ್ತನೆಯ ದಿನಕ್ಕೂ ಅಂತರ ಅಳಿದುಹೋಗುತ್ತದೆ.

ಆದುದರಿಂದ ಈ ಸಭೆಯಲ್ಲಿರುವ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನ ವಿಜ್ಞಾಪನೆ ಒಂದಿದೆ. ರಿವಾಯತ ಪದಗಳ ಸಂಗ್ರಹಗಳು ಅಲ್ಲೊಂದು ಇಲ್ಲೊಂದು ಅಚ್ಚಾಗಿವೆ. ಅವುಗಳಲ್ಲಿ ಮಾತು ಇದೆ, ಧಾಟಿ ಇಲ್ಲ. ನಾನು ಇದುವರೆಗೆ ಹೇಳಿದುದು ನಿಜವಾದರೆ, ಧಾಟಿಯಿಲ್ಲದ ಪದದಲ್ಲಿ ಕಥೆಯ ಅರ್ಧವೂ ಇಲ್ಲ. ನೀವು ಬರೆದುಕೊಳ್ಳುವಾಗ ಪಲ್ಲ ಎಷ್ಟು ಸಲ ಮರಳಿತು, ಯಾವ ಸಲ ನಿಧಾನವಾಯಿತು, ಏರು ಎಲ್ಲಿ ಬಂದಿತು, ಹಲಗೆ ಎಲ್ಲಿ ನಿಂತಿತು, ಅದು ಹಬ್ಬದ ಎಷ್ಟನೆಯ ರಾತ್ರಿ ಎಂಬುದನ್ನೆಲ್ಲ ಪದದ ಪಕ್ಕದಲ್ಲಿಯೇ ಗುರುತು ಮಾಡಿಕೊಳ್ಳಿರಿ. ಕೈಯಲ್ಲಿರುವ ಮೊಬೈಲಿನಿಂದ ಧ್ವನಿಮುದ್ರಣ ಮಾಡುವುದಾದರೆ ಒಂದೇ ಪದವನ್ನು ಒಂದೇ ಮೇಳದಿಂದ ಬೇರೆಬೇರೆ ರಾತ್ರಿಗಳಲ್ಲಿ ಮುದ್ರಿಸಿಕೊಳ್ಳಿರಿ. ಮುಂದಾಳುಗಳಲ್ಲಿ ವಯಸ್ಸಾದವರನ್ನು ಮೊದಲು ಕೇಳಿರಿ. ಅವರಲ್ಲಿ ಅನೇಕರು ಅಕ್ಷರ ಬಲ್ಲವರಲ್ಲವಾದುದರಿಂದ ಪದವನ್ನು ಹೇಳಿಬರೆಸಿರೆಂದು ಕೇಳಿದರೆ ಅವರಿಗೆ ಅದು ನೆನಪಿಗೆ ಬಾರದು. ಹಾಡಿರೆಂದು ಕೇಳಬೇಕು, ಸಾಧ್ಯವಾದರೆ ಜೊತೆಯಲ್ಲಿ ಹಿಮ್ಮೇಳದ ಇಬ್ಬರನ್ನು ಕೂಡಿಸಬೇಕು.